ಓದುಗರ ಪ್ರಶ್ನೆ, ವಕೀಲರ ಉತ್ತರ: ಹೊಡೆದು ಬರೆಸಿಕೊಂಡ ಹೇಳಿಕೆ ಯಾರಿಗೆ ನ್ಯಾಯ ಕೊಡುತ್ತದೆ?

ಪ್ರಶ್ನೆ: 2006ರ ಜುಲೈ 11ರ ಸಂಜೆ ಮುಂಬೈನ ಲೋಕಲ್ ರೈಲುಗಳಲ್ಲಿ ಬಾಂಬ್ ಸ್ಫೋಟಗಳಾದಾಗ ನಾನು ಚರ್ಚ್‌ಗೇಟಿನಿಂದ ಬೊರಿವಲಿಯ ಲೋಕಲ್ ಹತ್ತಿದ್ದೆ. ಬೇರೊಂದು ಗಾಡಿಯ ಫಸ್ಟ್ ಕ್ಲಾಸ್ ಡಬ್ಬಿಯಲ್ಲಿದ್ದ ನಮ್ಮ ಆಫೀಸಿನ ಗೆಳೆಯರು ಸ್ಫೋಟದಲ್ಲಿ ತೀರಿಕೊಂಡರು. ಆ ಪ್ರಕರಣದಲ್ಲಿ ಶಿಕ್ಷೆಯಾಗಿದ್ದ 12 ಮಂದಿಯನ್ನೂ 2025ರಲ್ಲಿ ಹೈಕೋರ್ಟ್ ಖುಲಾಸೆ ಮಾಡಿತು. ಚಿತ್ರಹಿಂಸೆ ಕೊಟ್ಟು ಹೇಳಿಕೆ ಪಡೆದದ್ದೂ ಒಂದು ಕಾರಣವಂತೆ. ಇಂಥ ಪಾತಕದಲ್ಲಿ ಬಾಯಿ ಬಿಡಿಸಲು ಪೊಲೀಸರು ಕೈ ಮಾಡಿದರೆ ತಪ್ಪೇನು? ಅಮೆರಿಕದವರೂ ಅದನ್ನೇ ಮಾಡಲಿಲ್ಲವೇ?
ಓದುಗರೊಬ್ಬರು, ಬೊರಿವಲಿ

ಉತ್ತರ: ಗೆಳೆಯರನ್ನು ಕಳೆದುಕೊಂಡ ನಿಮ್ಮ ಸಿಟ್ಟು ನ್ಯಾಯವಾದದ್ದು. ಆದರೆ ಆ ಸಿಟ್ಟು ಯಾರ ಮೇಲೆ ತಿರುಗಬೇಕೆಂಬುದರಲ್ಲಿ ನನ್ನ ಅಭಿಪ್ರಾಯ ಬೇರೆ.

ಸಾಮಾನ್ಯ ಕಾನೂನಿನ ಪ್ರಕಾರ ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಗೆ ನ್ಯಾಯಾಲಯದಲ್ಲಿ ಬೆಲೆಯಿಲ್ಲ. 1872ರ ಸಾಕ್ಷ್ಯ ಕಾಯಿದೆಯಿಂದ ಈಗಿನ ಸಾಕ್ಷ್ಯ ಅಧಿನಿಯಮದವರೆಗೆ ಈ ನಿಯಮ ಬದಲಾಗಿಲ್ಲ. ಮಹಾರಾಷ್ಟ್ರದ ಸಂಘಟಿತ ಅಪರಾಧ ತಡೆ ಕಾಯಿದೆಯಾದ 1999ರ ಮಕೋಕಾ ಇದಕ್ಕೊಂದು ಅಪವಾದ ಮಾಡಿ, ಹಿರಿಯ ಪೊಲೀಸ್ ಅಧಿಕಾರಿ ಬರೆದುಕೊಂಡ ತಪ್ಪೊಪ್ಪಿಗೆಯನ್ನು ಸಾಕ್ಷ್ಯವಾಗಿ ಒಪ್ಪಿತು. ರೈಲು ಸ್ಫೋಟದ ಮೊಕದ್ದಮೆ ಬಹುಮಟ್ಟಿಗೆ ನಿಂತದ್ದು ಅಂಥ ಹೇಳಿಕೆಗಳ ಮೇಲೆ. 2025ರ ಜುಲೈ 21ರಂದು ಬಾಂಬೆ ಹೈಕೋರ್ಟ್ ಅವುಗಳನ್ನು ಪರಿಶೀಲಿಸಿದಾಗ, ಬೇರೆಬೇರೆ ಆರೋಪಿಗಳ ಹೇಳಿಕೆಗಳಲ್ಲಿ ಕೆಲವು ಭಾಗಗಳು ಒಂದೇ ತೆರನಾಗಿದ್ದುದನ್ನೂ, ಹಿಂಸೆ ನಡೆದದ್ದಕ್ಕೆ ಆಧಾರವಿದ್ದುದನ್ನೂ ಕಂಡು, ಅವುಗಳನ್ನು ನಂಬಲಾಗದೆಂದು ತಳ್ಳಿಹಾಕಿತು. ಆ 12 ಮಂದಿಯಲ್ಲಿ ಒಬ್ಬರು ತೀರ್ಪಿಗೆ ಮೊದಲೇ ಸೆರೆಯಲ್ಲಿ ತೀರಿಕೊಂಡಿದ್ದರು. ಈ ತೀರ್ಪನ್ನು ಬೇರೆ ಪ್ರಕರಣಗಳಿಗೆ ಪೂರ್ವನಿದರ್ಶನವಾಗಿ ಬಳಸಬಾರದೆಂದು ಸುಪ್ರೀಂ ಕೋರ್ಟ್ ಮೂರೇ ದಿನದಲ್ಲಿ ತಡೆ ಕೊಟ್ಟಿದ್ದನ್ನೂ ಹೇಳಬೇಕು. ಆದರೂ ನಿಮ್ಮ ಗೆಳೆಯರ ಮನೆಯವರು ಹತ್ತೊಂಬತ್ತು ವರ್ಷ ಕಾದದ್ದು ಈ ಉತ್ತರಕ್ಕಾಗಿಯೇ? ಬಾಂಬ್ ಇಟ್ಟವರು ಯಾರೆಂಬ ಪ್ರಶ್ನೆ ಮತ್ತೆ ಮೊದಲಿನಲ್ಲಿಗೇ ಬಂದು ನಿಂತಿದೆ. ಸಾಕ್ಷ್ಯ ಹುಡುಕುವ ಶ್ರಮದ ಬದಲು ಹೇಳಿಕೆ ಬರೆಸಿಕೊಳ್ಳುವ ಸುಲಭದ ದಾರಿ ಹಿಡಿದಾಗ ಮೋಸ ಹೋಗುವವರಲ್ಲಿ ಸತ್ತವರ ಮನೆಯವರೂ ಇರುತ್ತಾರೆ.

ಇನ್ನು ಅಮೆರಿಕದ ಮಾತು. ವಿದೇಶಗಳಲ್ಲಿ ಅಲ್ಲಿನ ಗುಪ್ತಚರ ಸಂಸ್ಥೆ ಸಿಐಎ ನಡೆಸುತ್ತಿದ್ದ ಗುಪ್ತ ಸೆರೆಮನೆಗಳನ್ನು ಅಧ್ಯಕ್ಷ ಬುಷ್ 2006ರ ಸೆಪ್ಟೆಂಬರಿನಲ್ಲಿ ಬಹಿರಂಗವಾಗಿ ಒಪ್ಪಿಕೊಂಡರು. ಅಲ್ಲಿನ ವಿಚಾರಣೆಯಿಂದ ಜೀವಗಳು ಉಳಿದವೆಂದು ಸಿಐಎ ಅಧಿಕಾರಿಗಳು ಇಂದಿಗೂ ವಾದಿಸುತ್ತಾರೆ. ಅಮೆರಿಕದ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಸಮಿತಿ 2014ರ ಡಿಸೆಂಬರಿನಲ್ಲಿ ಪ್ರಕಟಿಸಿದ ವರದಿ ಈ ವಾದವನ್ನು ಒಪ್ಪಲಿಲ್ಲ. ಅದರ ಪ್ರಕಾರ ಸೆರೆಯಲ್ಲಿದ್ದ 119 ಮಂದಿಯಲ್ಲಿ ಕನಿಷ್ಠ 26 ಮಂದಿಯನ್ನು ಹಿಡಿದಿಟ್ಟದ್ದೇ ತಪ್ಪಾಗಿತ್ತು. ಅಬು ಜುಬೇದಾ ಎಂಬ ಕೈದಿಗೆ 2002ರ ಆಗಸ್ಟಿನಲ್ಲಿ 83 ಬಾರಿ, ಮುಖಕ್ಕೆ ಬಟ್ಟೆ ಹಾಕಿ ನೀರು ಸುರಿದು, ಮುಳುಗುವ ಯಾತನೆ ಕೊಟ್ಟರು. ಆದರೆ ಅಮೆರಿಕದ ಮೇಲಿನ 2001ರ ದಾಳಿಯ ರೂವಾರಿ ಯಾರೆಂಬ ಮುಖ್ಯ ಸಂಗತಿಯನ್ನು ಆತ ಅದಕ್ಕೂ ತಿಂಗಳುಗಳ ಮೊದಲೇ, ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐಯ ಅಧಿಕಾರಿಗಳು ಬರೀ ಮಾತಿನಲ್ಲೇ ಕೇಳಿದಾಗ, ಹೇಳಿಬಿಟ್ಟಿದ್ದ. ಇನ್ನೊಂದು ಪ್ರಕರಣ ಇದಕ್ಕಿಂತ ಭಯಂಕರ. ಈಜಿಪ್ಟಿಗೆ ಸಾಗಿಸಲ್ಪಟ್ಟ ಇಬ್ನ್ ಅಲ್-ಶೇಖ್ ಅಲ್-ಲಿಬಿ ಹಿಂಸೆ ತಾಳಲಾರದೆ, ಇರಾಕ್ ಅಲ್ ಕೈದಾಗೆ ರಾಸಾಯನಿಕ ಅಸ್ತ್ರಗಳ ತರಬೇತಿ ಕೊಟ್ಟಿತೆಂದು ಕತೆ ಕಟ್ಟಿದ. ಆಗ ಅಮೆರಿಕದ ವಿದೇಶಾಂಗ ಸಚಿವರಾಗಿದ್ದ ಕಾಲಿನ್ ಪೊವೆಲ್ 2003ರ ಫೆಬ್ರವರಿಯಲ್ಲಿ ಅದನ್ನು ವಿಶ್ವಸಂಸ್ಥೆಯಲ್ಲಿ ಹೇಳಿದರು. ಮರು ತಿಂಗಳು ಇರಾಕ್ ಮೇಲೆ ಯುದ್ಧ ಶುರುವಾಯಿತು. ಆ ಮಾತು ಸುಳ್ಳೆಂದು ಅಲ್-ಲಿಬಿ ಆಮೇಲೆ ಹೇಳಿದ. ನೋವು ನಿಲ್ಲಲೆಂದು ಆಡಿದ ಮಾತಿನಲ್ಲಿ ನಿಜವೆಷ್ಟು, ಕೇಳುವವನಿಗೆ ಬೇಕಾದದ್ದೆಷ್ಟು ಎಂದು ಸೋಸುವ ಜರಡಿ ಯಾರ ಬಳಿಯೂ ಇಲ್ಲ.

ಹಾಗಾದರೆ ಬೇರೆ ದಾರಿ ಇದೆಯೇ? ಇದೆ, ನಮ್ಮ ಊರಿನಲ್ಲೇ ಇದೆ. 2008ರ ಮುಂಬೈ ದಾಳಿಯಲ್ಲಿ ಜೀವಂತವಾಗಿ ಸಿಕ್ಕಿಬಿದ್ದ ಕಸಬ್‌ನನ್ನು ಯಾವ ಗುಪ್ತ ಸೆರೆಮನೆಗೂ ಸಾಗಿಸಲಿಲ್ಲ. ಆತನ ತಪ್ಪೊಪ್ಪಿಗೆಯನ್ನು ಪೊಲೀಸರಲ್ಲ, 2009ರ ಫೆಬ್ರವರಿಯಲ್ಲಿ ಮ್ಯಾಜಿಸ್ಟ್ರೇಟರು, ಯೋಚಿಸಲು ಸಮಯ ಕೊಟ್ಟು ಬರೆದುಕೊಂಡರು. ಆತನಿಗೂ ವಕೀಲರಿದ್ದರು. ಪ್ರತ್ಯಕ್ಷ ಸಾಕ್ಷಿಗಳ ಜೊತೆಗೆ ಸಿಎಸ್‌ಟಿ ರೈಲು ನಿಲ್ದಾಣದಲ್ಲಿ ಪತ್ರಿಕಾ ಛಾಯಾಗ್ರಾಹಕರು ಜೀವದ ಹಂಗು ತೊರೆದು ತೆಗೆದ ಚಿತ್ರಗಳಿದ್ದವು. 2012ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆ ಎತ್ತಿಹಿಡಿದಾಗ ಆ ತೀರ್ಪನ್ನು ಅಲುಗಿಸಲು ಯಾರಿಗೂ ಆಗಲಿಲ್ಲ. ರೈಲಿನಲ್ಲಿ ಸತ್ತವರಿಗೂ ಅಂಥ ತೀರ್ಪೇ ಸಿಗಬೇಕಿತ್ತು.

ಪ್ರಶ್ನೆ: ಶಂಕೆಯ ಮೇಲೆ ಹಿಡಿದೊಯ್ದವರನ್ನು ಎಲ್ಲಿ ಇಟ್ಟಿದ್ದಾರೆಂದು ತಿಳಿಸದಿದ್ದರೆ ಮನೆಯವರು ಏನು ಮಾಡಬೇಕು?
ಕಾನೂನು ವಿದ್ಯಾರ್ಥಿನಿ, ಪುಣೆ

ಉತ್ತರ: ದಸ್ತಗಿರಿಯಾದವರನ್ನು, ಪ್ರಯಾಣದ ಸಮಯ ಬಿಟ್ಟು, 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂದು ಸಂವಿಧಾನದ 22ನೇ ವಿಧಿ ಹೇಳುತ್ತದೆ. ಭಯೋತ್ಪಾದನೆ ತಡೆಯ ಯುಎಪಿಎ ಕಾಯಿದೆಯ ಪ್ರಕರಣಗಳಲ್ಲಿ ಪೊಲೀಸ್ ಕಸ್ಟಡಿ 30 ದಿನಗಳವರೆಗೆ ಹೋಗಬಹುದಾದರೂ ಈ ಮೊದಲ ಹಾಜರಿಗೆ ವಿನಾಯಿತಿಯಿಲ್ಲ. ಹಾಜರುಪಡಿಸದಿದ್ದರೆ ತಡಮಾಡದೆ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಹಿಡಿದಿಟ್ಟವರನ್ನು ಕೋರ್ಟಿನ ಮುಂದೆ ತರಿಸಬೇಕೆಂಬ ಅರ್ಜಿ, ಹಾಕಬೇಕು, ಗೆಳೆಯರೂ ಹಾಕಬಹುದು. ಡಿ. ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ, ಬಂಧನದ ಸುದ್ದಿಯನ್ನು ಮನೆಯವರಿಗೆ ತಿಳಿಸಬೇಕೆಂದೂ, ವಶದಲ್ಲಿರುವವರಿಗೆ 48 ಗಂಟೆಗೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕೆಂದೂ ಆದೇಶಿಸಿತು. ಮೈಮೇಲೆ ಗಾಯವಿದ್ದರೆ ಮೊದಲ ಹಾಜರಿಯಲ್ಲೇ ಮ್ಯಾಜಿಸ್ಟ್ರೇಟರಿಗೆ ಹೇಳಿ, ಅದು ದಾಖಲೆಯಲ್ಲಿ ಬರುವಂತೆ ವಕೀಲರು ಪಟ್ಟುಹಿಡಿಯಬೇಕು. ಎಷ್ಟೋ ವರ್ಷಗಳ ಬಳಿಕ ಮೇಲ್ಮನವಿ ಕೇಳುವ ನ್ಯಾಯಮೂರ್ತಿಗಳು ಮೊದಲು ತೆರೆದು ನೋಡುವುದು ಆ ಹಾಳೆಯನ್ನೇ.