ಬ್ಯಾರೆಲ್‌ನಲ್ಲಿ ಮಾಗಿದ ಸ್ಟ್ರಾಂಗ್ ಬಿಯರನ್ನು ಐಸ್‌ನಂತೆ ತಣ್ಣಗೆ ಕುಡಿಯಬಾರದು ಅನ್ನುವುದು ಯಾಕೆ?

ತೀರಾ ತಣ್ಣಗಿದ್ದರೆ ಅದರ ಪರಿಮಳವೇ ಮೇಲೇಳುವುದಿಲ್ಲ, ಅದಕ್ಕೆ. ಫ್ರಿಜ್‌ನಿಂದ ತೆಗೆದು ಸ್ವಲ್ಪ ಹೊತ್ತು ಹೊರಗಿಡಿ. ಸುಮಾರು 10ರಿಂದ 13 ಡಿಗ್ರಿ ಸೆಲ್ಸಿಯಸ್‌ಗೆ ಬಂದ ಮೇಲೆ ಕುಡಿಯಿರಿ.

ನಾವು ರುಚಿ ಎನ್ನುವುದರಲ್ಲಿ ದೊಡ್ಡ ಪಾಲು ವಾಸನೆಯದೇ. ನೆಗಡಿಯಾದಾಗ ಊಟ ಸಪ್ಪೆ ಅನಿಸುತ್ತದಲ್ಲ, ಹಾಗೆ. ಈ ಬಿಯರ್ ತಿಂಗಳುಗಟ್ಟಲೆ ಓಕ್ ಮರದ ಪೀಪಾಯಿಯಲ್ಲಿ ಕೂತಿರುತ್ತದೆ. ಎಷ್ಟೋ ಸಲ ಅದು ಮೊದಲು ಬರ್ಬನ್ ವಿಸ್ಕಿ ತುಂಬಿದ್ದ, ಒಳಗೋಡೆಯನ್ನು ಸುಟ್ಟು ಕಪ್ಪಾಗಿಸಿದ ಪೀಪಾಯಿ. ಆ ಮರದಿಂದ ವೆನಿಲ್ಲಾದ ಘಮ ಕೊಡುವ ವೆನಿಲಿನ್, ಕೊಬ್ಬರಿಯ ವಾಸನೆ ತರುವ ಲ್ಯಾಕ್ಟೋನ್ ಎಂಬ ಅಂಶಗಳು ಬಿಯರಿಗೆ ಇಳಿಯುತ್ತವೆ. ಇವು ಆವಿಯಾಗಿ ಮೂಗು ತಲುಪಿದರಷ್ಟೇ ನಮಗೆ ಗೊತ್ತಾಗುವುದು. ತಣ್ಣಗಿದ್ದಷ್ಟೂ ಆವಿ ಕಡಿಮೆ. ನಾಲಿಗೆಗೆ ಸಿಹಿಯೂ ಮಂಕು.

ಬಾಯಿ ಒಳಕ್ಕೆ ಬಾಗಿದ ಗಾಜಿನ ಲೋಟಕ್ಕೆ ಅರ್ಧಕ್ಕಿಂತ ಕಮ್ಮಿ ಹಾಕಿ. ಸ್ಟೌಟ್ ಎಂಬ ಕಪ್ಪು ಬಿಯರ್ ಆದರೆ ಮೊದಲ ಗುಟುಕಿಗೆ ಹುರಿದ ಕಾಫಿಬೀಜದ ಕಹಿಯೇ ಮುಂದೆ. ಕಾಲು ಗಂಟೆ ಬಿಟ್ಟು ಅದೇ ಲೋಟ ಮೂಸಿ ನೋಡಿ, ವೆನಿಲ್ಲಾ, ಒಣದ್ರಾಕ್ಷಿ, ಸುಟ್ಟ ಸಕ್ಕರೆ ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ನನ್ನ ಮಟ್ಟಿಗೆ ಇಡೀ ಅನುಭವದಲ್ಲಿ ಇದೇ ಸೊಗಸು.

ಆಲ್ಕೋಹಾಲ್ ಹಲವು ಬಾರಿ ಶೇ. 10 ದಾಟಿರುತ್ತದೆ. ಹಾಗಾಗಿ ಒಂದು ಬಾಟಲಿಯನ್ನು ಇಬ್ಬರು ಮೂವರು ಹಂಚಿಕೊಂಡು, ನಿಧಾನಕ್ಕೆ ಕುಡಿಯಿರಿ.