ಸೋಫಾದ ಅಡಿ ಹೊಲಿದಿದ್ದ ಚೀಟಿ

ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ: ‘ಕ್ಯಾಲಿಫೋರ್ನಿಯಾದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಹೊಸ ಸೋಫಾದ ಅಡಿ ಒಂದು ಚೀಟಿ ಹೊಲಿದಿತ್ತು. ಬೆಂಕಿ ತಡೆಯುವ ರಾಸಾಯನಿಕ ಸೇರಿಸಿಲ್ಲ ಅಂತ ಅದರಲ್ಲಿತ್ತು. ಬೆಂಕಿ ತಡೆಯುವುದು ಒಳ್ಳೇದೇ ಅಲ್ವಾ? ಆ ರಾಸಾಯನಿಕ ಮೈಯೊಳಗೆ ಏನು ಮಾಡುತ್ತದೆ?’

ಬೆಂಕಿ ತಡೆಯುವುದು ಒಳ್ಳೆಯದೇ. ಆದರೆ ಆ ರಾಸಾಯನಿಕ ಸೋಫಾದೊಳಗೇ ಉಳಿಯಲಿಲ್ಲ. 1975ರಲ್ಲಿ ಕ್ಯಾಲಿಫೋರ್ನಿಯಾ ಒಂದು ನಿಯಮ ತಂದಿತು. ಸೋಫಾದ ಫೋಮ್ ಸಣ್ಣ ಜ್ವಾಲೆಯನ್ನು 12 ಸೆಕೆಂಡ್ ತಾಳಬೇಕಿತ್ತು. ಅದಕ್ಕಾಗಿ ತಯಾರಕರು ಪಿಬಿಡಿಇ ಎಂಬ ಬ್ರೋಮಿನ್ ಸಂಯುಕ್ತಗಳನ್ನು ಬಳಸಿದರು. ಇವನ್ನು ಫೋಮ್‌ಗೆ ಸುಮ್ನೆ ಬೆರೆಸುತ್ತಾರೆ, ಅವು ಅದಕ್ಕೆ ಗಟ್ಟಿಯಾಗಿ ಅಂಟಿಕೊಂಡಿರುವುದಿಲ್ಲ. ಹಾಗಾಗಿ ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ಹೊರಬಂದು ಮನೆಯ ಧೂಳು ಸೇರುತ್ತವೆ. ಧೂಳಿನಿಂದ ಕೈಗೆ, ಕೈಯಿಂದ ಬಾಯಿಗೆ. ನೆಲದಲ್ಲಿ ಅಂಬೆಗಾಲಿಡುವ ಮಕ್ಕಳ ಮೈ ಸೇರುವುದು ದೊಡ್ಡವರಿಗಿಂತ ಜಾಸ್ತಿ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ನಮ್ಮ ಥೈರಾಯ್ಡ್ ಗ್ರಂಥಿ ಥೈರಾಕ್ಸಿನ್ ಎಂಬ ಹಾರ್ಮೋನು ಮಾಡುತ್ತದೆ. ಅದರ ಅಣುವಿನಲ್ಲಿ ಎರಡು ಉಂಗುರಗಳಿವೆ, ನಡುವೆ ಒಂದು ಆಕ್ಸಿಜನ್, ಮೇಲೆ ನಾಲ್ಕು ಅಯೋಡಿನ್. ಪಿಬಿಡಿಇ ಅಣುವಿನಲ್ಲೂ ಎರಡು ಉಂಗುರ, ನಡುವೆ ಆಕ್ಸಿಜನ್. ಅಯೋಡಿನ್ ಬದಲು ಬ್ರೋಮಿನ್. ಯಕೃತ್ತಿನ ಜೀವಕೋಶಗಳು ಇದನ್ನು ಸ್ವಲ್ಪ ಬದಲಾಯಿಸಿದ ಮೇಲೆ ಹೋಲಿಕೆ ಇನ್ನೂ ಹೆಚ್ಚುತ್ತದೆ. ರಕ್ತದಲ್ಲಿ ಥೈರಾಕ್ಸಿನ್ ಹೊತ್ತೊಯ್ಯುವ ಪ್ರೋಟೀನಿಗೆ ಈ ಬದಲಾದ ಅಣು ಹೋಗಿ ಅಂಟಿಕೊಳ್ಳುತ್ತದೆ. ಬೇರೆಯವರ ಹೆಸರಿನ ಟಿಕೆಟ್ ತೋರಿಸಿ ಬಸ್ಸಿನ ಸೀಟು ಹಿಡಿದ ಹಾಗೆ. ಗರ್ಭದಲ್ಲಿರುವ ಮಗುವಿನ ಮೆದುಳು ಬೆಳೆಯಲು ಆ ಹಾರ್ಮೋನು ಬೇಕೇ ಬೇಕು. ನನಗೆ ಅತಿ ಹೆಚ್ಚು ಆತಂಕ ತರುವುದು ಇದೇ.

ಪ್ರಯೋಗಾಲಯದಲ್ಲಿ ಮನುಷ್ಯರ ಜೀವಕೋಶಗಳ ಮೇಲೆ ಇವನ್ನು ಹಾಕಿ ನೋಡಿದ್ದಾರೆ. ಜೀವಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಾದ ಕೆಲಸ ಕೆಡುತ್ತದೆ, ಹಾನಿಕಾರಕ ಆಕ್ಸಿಜನ್ ಕಣಗಳು ಹೆಚ್ಚುತ್ತವೆ. ಆದರೆ ಅಲ್ಲಿ ಹಾಕುವ ಪ್ರಮಾಣ ಬಹಳ ಸಲ ನಮ್ಮ ರಕ್ತದಲ್ಲಿರುವುದಕ್ಕಿಂತ ತುಂಬಾ ಜಾಸ್ತಿ. ಅದನ್ನು ಓದಿ ನಿಮಗೂ ಹಾಗೇ ಆಗಿದೆ ಅಂದುಕೊಳ್ಳಬೇಡಿ. ಮಕ್ಕಳ ಮೇಲಿನ ಅಧ್ಯಯನಗಳನ್ನು ನಾನು ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ನ್ಯೂಯಾರ್ಕ್‌ನಲ್ಲೂ ಕ್ಯಾಲಿಫೋರ್ನಿಯಾದ ಸಲೀನಾಸ್ ಕಣಿವೆಯಲ್ಲೂ ತಾಯಂದಿರನ್ನು ಮತ್ತು ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ್ದಾರೆ. ಹುಟ್ಟುವ ಮೊದಲು ಪಿಬಿಡಿಇ ಹೆಚ್ಚು ತಗುಲಿದ್ದ ಮಕ್ಕಳು ಬುದ್ಧಿಶಕ್ತಿ ಪರೀಕ್ಷೆಗಳಲ್ಲಿ ಸರಾಸರಿ ಸ್ವಲ್ಪ ಹಿಂದಿದ್ದರು.

ಎಚ್ಚರಿಕೆ ಮೊದಲೇ ಸಿಕ್ಕಿತ್ತು ಎಂಬುದು ಬೇಸರದ ಸಂಗತಿ. ಅಮೆರಿಕದಲ್ಲಿ ಮಕ್ಕಳ ರಾತ್ರಿ ಉಡುಪಿಗೆ ಟ್ರಿಸ್ ಎಂಬ ಬ್ರೋಮಿನ್ ರಾಸಾಯನಿಕ ಹಾಕುತ್ತಿದ್ದರು. ಅದು ಡಿಎನ್‌ಎ ಕೆಡಿಸಬಲ್ಲದು ಎಂದು 1977ರಲ್ಲಿ ವಿಜ್ಞಾನಿಗಳಾದ ಆರ್ಲೀನ್ ಬ್ಲಮ್ ಮತ್ತು ಬ್ರೂಸ್ ಏಮ್ಸ್ ಬರೆದರು. ಅದೇ ವರ್ಷ ಅಂಥ ಉಡುಪು ನಿಷೇಧವಾಯಿತು. ಅದರ ಜಾಗಕ್ಕೆ ಬಂದದ್ದು ಕ್ಲೋರಿನ್ ಇರುವ ಟ್ರಿಸ್. ಅದನ್ನೂ ಉಡುಪಿನಿಂದ ಬಿಟ್ಟರು, ಮುಂದೆ ಅದೇ ಸೋಫಾದ ಫೋಮ್‌ಗೆ ಬಂತು!

ಬೇಗ ನಾಶವಾಗದ ವಿಷಗಳನ್ನು ತಡೆಯಲು ಹಲವು ದೇಶಗಳು ಮಾಡಿಕೊಂಡ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಪೆಂಟಾ ಮತ್ತು ಆಕ್ಟಾ ಎಂಬ ಎರಡು ಬಗೆಯ ಪಿಬಿಡಿಇಗಳು 2009ರಲ್ಲಿ ಸೇರಿದವು, ಡೆಕಾ ಎಂಬ ಇನ್ನೊಂದು ಬಗೆ 2017ರಲ್ಲಿ. ಮೊದಲ ಎರಡನ್ನು ಭಾರತ 2018ರ ನಿಯಮದಲ್ಲಿ ನಿಷೇಧಿಸಿದೆ. ಕ್ಯಾಲಿಫೋರ್ನಿಯಾ 2013ರಲ್ಲಿ ತನ್ನ ಪರೀಕ್ಷೆಯನ್ನೇ ಬದಲಾಯಿಸಿತು. ಈಗ ನೋಡುವುದು ಬಟ್ಟೆ, ಫೋಮ್ ಸಿಗರೇಟಿನ ಕಿಡಿಗೆ ಹೇಗೆ ತಾಳುತ್ತವೆ ಎಂಬುದನ್ನು. ರಾಸಾಯನಿಕ ಸೇರಿಸದೆಯೂ ಇದರಲ್ಲಿ ಪಾಸಾಗಬಹುದು. ಸೇರಿಸಿದೆಯೋ ಇಲ್ಲವೋ ಎಂದು ಹೇಳುವ ಚೀಟಿ ಇರಲೇಬೇಕು ಎಂದು 2014ರಲ್ಲಿ ಅಲ್ಲಿ ಕಾನೂನೂ ಬಂತು. ನೀವು ನೋಡಿದ್ದು ಅದನ್ನೇ.

ಮಗಳಿಗೆ ಆ ಸೋಫಾದ ಚಿಂತೆ ಬೇಡ ಅನ್ನಿ. ಮನೆಯಲ್ಲಿ ಹಳೆಯ ಸೋಫಾ ಇದ್ದು, ಅದರ ಫೋಮ್ ಉದುರುತ್ತಿದ್ದರೆ ಬದಲಾಯಿಸಲಿ. ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸಲಿ, ಊಟಕ್ಕೆ ಮೊದಲು ಮಕ್ಕಳ ಕೈ ತೊಳೆಸಲಿ. ಹೊಗೆ ಪತ್ತೆ ಮಾಡುವ ಅಲಾರಾಂ ಮಾತ್ರ ಇರಲೇಬೇಕು.

– ಸಂಪಾದಕ