ಡಿಜಿಟಲ್ ಚಿತ್ರಕಾರರಿಗೆ ನಮ್ಮ ಕಲಾಮೇಳಗಳಲ್ಲಿ ಜಾಗವಿದೆಯೇ?

ನೀವು ಹಾವೇರಿ ಜಿಲ್ಲೆಯ ಪಟ್ಟಣವೊಂದರಲ್ಲಿದ್ದು ಟ್ಯಾಬ್ಲೆಟ್‌ನಲ್ಲಿ ಚಿತ್ರ ಬರೆಯುತ್ತೀರಿ, ಬರೆದದ್ದನ್ನು ಇನ್‌ಸ್ಟಾಗ್ರಾಂನಲ್ಲಿ ಹಾಕುತ್ತೀರಿ, ಮೆಚ್ಚುವವರೂ ಇದ್ದಾರೆ. ಆದರೆ ಬೆಂಗಳೂರಿನ ಚಿತ್ರಸಂತೆಯಂಥ ಕಲಾಮೇಳಗಳಲ್ಲಿ ಇದನ್ನು ಕಲೆಯೆಂದು ಒಪ್ಪುತ್ತಾರೆಯೇ, ಅಷ್ಟು ದೂರ ಹೋಗಿ ನಿಂತರೆ ಪ್ರಯೋಜನವಾಗುತ್ತದೆಯೇ, ಅಥವಾ ಆನ್‌ಲೈನ್ ಒಂದನ್ನೇ ಗಟ್ಟಿಮಾಡಿಕೊಳ್ಳುವುದು ಲೇಸೇ ಎಂದು ಕೇಳಿದ್ದೀರಿ. ನಾನು ಉತ್ತರ ಕನ್ನಡದವನು, ಇದೇ ಮಾಧ್ಯಮದಲ್ಲಿ ಕೆಲಸ ಮಾಡುವವನು. ಖಂಡಿತ ಹೋಗಿ ಎಂಬುದೇ ನನ್ನ ಉತ್ತರ. ಮಾರಾಟಕ್ಕಿಂತ ದೊಡ್ಡ ಕಾರಣವೊಂದು ಇದಕ್ಕಿದೆ. ಪರದೆಯ ಮೇಲಿರುವವರೆಗೆ ನಮ್ಮ ಚಿತ್ರಕ್ಕೆ ಇಷ್ಟೇ ಅಳತೆ ಎಂಬುದಿಲ್ಲ, ಕಾಗದವಿಲ್ಲ, ಎಷ್ಟು ಪ್ರತಿಗಳು ಎಂಬ ಲೆಕ್ಕವಿಲ್ಲ, ಬೆಲೆಯೂ ಇಲ್ಲ. ಮೇಳಕ್ಕೆ ಹೊರಟವರು ಇವನ್ನೆಲ್ಲ ಒಂದೊಂದಾಗಿ ತೀರ್ಮಾನಿಸಲೇಬೇಕಾಗುತ್ತದೆ, ಮತ್ತು ಹಾಗೆ ತೀರ್ಮಾನಿಸುವಾಗಲೇ ನಮ್ಮ ಚಿತ್ರ ಏನೆಂಬುದು ನಮಗೆ ತಿಳಿಯುತ್ತಾ ಹೋಗುತ್ತದೆ.

ಒಪ್ಪುತ್ತಾರೆಯೇ ಎಂಬ ನಿಮ್ಮ ಅಳುಕನ್ನು ಮೊದಲು ನೋಡೋಣ. ಯಂತ್ರದಿಂದ ಬಂದ ಚಿತ್ರವನ್ನು ಗೋಡೆಗೆ ಹಾಕಿಕೊಳ್ಳುವುದು ನಮ್ಮವರಿಗೆ ಹೊಸದೇನಲ್ಲ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ಆರಂಭಿಸಿದ ಮೇಲೆ ಅವರ ಲಕ್ಷ್ಮಿ, ಸರಸ್ವತಿಯರು ಕಲ್ಲಚ್ಚಿನ ಮುದ್ರಣಗಳಾಗಿ ದೇಶದ ದೇವರಕೋಣೆಗಳನ್ನು ತಲುಪಿದರು. ಮೈಸೂರು ಅರಮನೆಗಾಗಿ ಅವರೇ ತೈಲವರ್ಣದಲ್ಲಿ ಬರೆದ ಚಿತ್ರಗಳನ್ನು ನೋಡಿದವರಿಗಿಂತ ಆ ಮುದ್ರಣಗಳನ್ನು ದಿನವೂ ನೋಡಿದವರು ಎಷ್ಟೋ ಪಾಲು ಹೆಚ್ಚು. ಕಲಬುರಗಿಯ ಎಸ್. ಎಂ. ಪಂಡಿತರ ಹೆಸರು ನಾಡಿನಾಚೆ ಹರಡಿದ್ದೂ ಕ್ಯಾಲೆಂಡರು ಮತ್ತು ಸಿನಿಮಾ ಪೋಸ್ಟರುಗಳ ಮೂಲಕವೇ. ಹೀಗಿರುವಾಗ ಮುದ್ರಣವೆಂಬ ಒಂದೇ ಕಾರಣಕ್ಕೆ ಯಾರಾದರೂ ನಿಮ್ಮ ಚಿತ್ರವನ್ನು ತಳ್ಳಿಹಾಕಿದರೆ ನೀವು ಕುಗ್ಗಬೇಕಾಗಿಲ್ಲ. ಆದರೆ ಕೊಳ್ಳಲು ಬಂದವರು "ಇದರ ಇನ್ನೆಷ್ಟು ಪ್ರತಿ ತೆಗೆಯುತ್ತೀರಿ?" ಎಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ, ಅದಕ್ಕೆ ಉತ್ತರ ನಿಮ್ಮಲ್ಲಿ ಸಿದ್ಧವಿರಬೇಕು. ಪ್ರಿಂಟ್‌ಮೇಕಿಂಗ್‌ನವರು, ಅಂದರೆ ಅಚ್ಚು ಮಾಡಿ ಅದರಿಂದ ಚಿತ್ರ ಮುದ್ರಿಸುವ ಕಲಾವಿದರು, ಹಿಂದಿನಿಂದ ಅನುಸರಿಸುತ್ತಿರುವ ಕ್ರಮವನ್ನೇ ನಾನು ಅನುಸರಿಸುತ್ತೇನೆ: ಒಂದು ಚಿತ್ರಕ್ಕೆ ಇಷ್ಟೇ ಪ್ರತಿಗಳೆಂದು ಮೊದಲೇ ನಿಶ್ಚಯಿಸಿ, ಪ್ರತಿಯೊಂದರ ಕೆಳಗೂ ಪೆನ್ಸಿಲ್‌ನಿಂದ 3/25 (ಇಪ್ಪತ್ತೈದರಲ್ಲಿ ಮೂರನೆಯದು) ಎಂಬಂತೆ ಸಂಖ್ಯೆ ಹಾಕಿ, ಸಹಿಮಾಡಿ, ಯಾವ ಸಂಖ್ಯೆಯ ಪ್ರತಿ ಯಾರಿಗೆ ಹೋಯಿತೆಂದು ಪುಸ್ತಕದಲ್ಲಿ ಬರೆದಿಡುತ್ತೇನೆ. ನಿಶ್ಚಯಿಸಿದ ಸಂಖ್ಯೆ ಮುಗಿದ ಮೇಲೆ ಎಷ್ಟೇ ಬೇಡಿಕೆ ಬಂದರೂ ಅದೇ ಅಳತೆಯಲ್ಲಿ ಮತ್ತೆ ಮುದ್ರಿಸಬಾರದು. ಈ ಮಾತನ್ನು ಮುರಿದರೆ ಕೆಡುವುದು ನಿಮ್ಮೊಬ್ಬರ ಹೆಸರಲ್ಲ, ನಮ್ಮ ಇಡೀ ಮಾಧ್ಯಮದ ಹೆಸರು.

ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು ಪ್ರತಿ ಜನವರಿಯಲ್ಲಿ ನಡೆಸುವ ಚಿತ್ರಸಂತೆ ಒಂದೇ ದಿನದ್ದು. ವಾಹನ ಸಂಚಾರ ನಿಲ್ಲಿಸಿ ರಸ್ತೆಯ ಇಕ್ಕೆಲಗಳಲ್ಲೂ ಮಳಿಗೆ ಹಾಕುತ್ತಾರೆ. ಅನ್ಯ ರಾಜ್ಯಗಳ ಕಲಾವಿದರೂ ಬರುತ್ತಾರೆ. ಭಾಗವಹಿಸಲು ಮುಂಚಿತವಾಗಿ ಅರ್ಜಿ ಹಾಕಿ ಆಯ್ಕೆಯಾಗಬೇಕು. ಅರ್ಜಿಯಲ್ಲಿ ಮಾಧ್ಯಮ ಯಾವುದೆಂದು ಕೇಳಿದಲ್ಲಿ "ಡಿಜಿಟಲ್ ಚಿತ್ರ, ಸೀಮಿತ ಸಂಖ್ಯೆಯ ಮುದ್ರಣ" ಎಂದು ಸ್ಪಷ್ಟವಾಗಿ ಬರೆಯಿರಿ. ಆಯಾ ವರ್ಷದ ಪ್ರಕಟಣೆಯಲ್ಲಿ ಮುದ್ರಿತ ಕೃತಿಗಳ ಬಗ್ಗೆ ನಿಯಮವೇನಿದೆ ಎಂಬುದನ್ನು ಅರ್ಜಿಗೆ ಮೊದಲೇ ಓದಿಕೊಳ್ಳಿ. ಕೋವಿಡ್ ಕಾರಣದಿಂದ 2021ರ 18ನೇ ಚಿತ್ರಸಂತೆಯನ್ನು ಪರಿಷತ್ತು ಆನ್‌ಲೈನ್‌ನಲ್ಲಿ ನಡೆಸಿತು. ನಮ್ಮಂಥವರ ಚಿತ್ರಗಳು ಮೊದಲೇ ಪರದೆಯ ಮೇಲೆ ಹುಟ್ಟಿದವಾದ್ದರಿಂದ ಅಲ್ಲಿ ನಮಗೆ ಅನುಕೂಲವೆಂದು ತೋರಬಹುದು. ನನಗೆ ಹಾಗನ್ನಿಸಲಿಲ್ಲ. ಪರದೆಯಲ್ಲಿ ಆಳೆತ್ತರದ ಕ್ಯಾನ್ವಾಸ್, ಅಂಗೈಯಗಲದ ಜಲವರ್ಣ, ನನ್ನ ಮುದ್ರಣ ಎಲ್ಲವೂ ಒಂದೇ ಚೌಕದೊಳಗೆ ಕಾಣುತ್ತವೆ. ನೋಡುವವರು ಹತ್ತಿರ ಬಂದು, ಬಗ್ಗಿ, ಮತ್ತೆ ಎರಡು ಹೆಜ್ಜೆ ಹಿಂದೆ ಸರಿದು ನೋಡುವ ಅವಕಾಶ ಅಲ್ಲಿರುವುದಿಲ್ಲ. ಡಿಜಿಟಲ್ ಚಿತ್ರಕಾರರಿಗೇ ರಸ್ತೆಬದಿಯ ಸಂತೆ ಹೆಚ್ಚು ಬೇಕು ಎಂದು ನಾನು ಹೇಳುವುದು ಇದರಿಂದಾಗಿಯೇ.

ಮಳಿಗೆಯಲ್ಲಿ ನಿಂತಾಗ ಎಲ್ಲಕ್ಕಿಂತ ಹೆಚ್ಚಾಗಿ ಎದುರಾಗುವ ಪ್ರಶ್ನೆ "ಇದನ್ನು ನೀವೇ ಬರೆದಿರೋ, ಕಂಪ್ಯೂಟರೇ ಮಾಡಿಕೊಟ್ಟಿತೋ?" ಎಂಬುದು. ಎಐ ಬಂದ ಮೇಲಂತೂ ಇದನ್ನು ಕೇಳದವರಿಲ್ಲ. ಬೇಸರ ಮಾಡಿಕೊಳ್ಳದೆ ತೋರಿಸುವುದೇ ಇದಕ್ಕೆ ಸರಿಯಾದ ಉತ್ತರ. ಚಿತ್ರ ಬರೆಯುವ ಆ್ಯಪ್ ಆದ ಪ್ರೊಕ್ರಿಯೇಟ್‌ನಲ್ಲಿ ಚಿತ್ರ ಬರೆದಂತೆಲ್ಲ ಅದರ ಟೈಮ್‌ಲ್ಯಾಪ್ಸ್, ಅಂದರೆ ವೇಗವಾಗಿ ಓಡುವ ವಿಡಿಯೊ, ತಾನಾಗಿ ದಾಖಲಾಗುತ್ತದೆ. ಉಚಿತವಾಗಿ ಸಿಗುವ ಕ್ರಿತಾ ಎಂಬ ತಂತ್ರಾಂಶದಲ್ಲೂ ಅಂಥ ರೆಕಾರ್ಡರ್ ಇದೆ. ಟ್ಯಾಬ್ಲೆಟನ್ನು ಮೇಜಿನ ಮೇಲೆ ಜನರ ಕಡೆಗೆ ತಿರುಗಿಸಿಟ್ಟು ಆ ದಾಖಲೆಯನ್ನು ಓಡಲು ಬಿಡಿ. ಮೊದಲ ಕಚ್ಚಾ ಗೆರೆ, ಅಳಿಸಿ ಮತ್ತೆ ಎಳೆದ ಕೈ, ಮೂರು ಸಲ ಬದಲಾದ ಹಿನ್ನೆಲೆ ಇವನ್ನೆಲ್ಲ ಕಂಡ ಮೇಲೆ ಜನ ಮಾತನಾಡುವ ರೀತಿಯೇ ಬದಲಾಗುತ್ತದೆ, ಯಾವ ಬ್ರಷ್, ಎಷ್ಟು ಹೊತ್ತು ಎಂದೆಲ್ಲ ವಿಚಾರಿಸತೊಡಗುತ್ತಾರೆ. ಮಕ್ಕಳು ಕೇಳಿದರೆ ಪೆನ್ನನ್ನು ಅವರ ಕೈಗೇ ಕೊಟ್ಟುಬಿಡಿ.

ಇನ್ನು ಏನನ್ನು ಬರೆಯಬೇಕು ಎಂದು ನೀವು ಕೇಳಿಲ್ಲವಾದರೂ ಪ್ರಾದೇಶಿಕ ಮೇಳಗಳ ಮಾತು ಬಂದಾಗ ಅದನ್ನು ಬಿಟ್ಟು ಮುಂದೆ ಹೋಗಲಾಗದು. ನನ್ನ ಬಹುಪಾಲು ಕೆಲಸ ಕಾವಿ ಕಲೆಯನ್ನು ಆಧರಿಸಿದ್ದು. ಗೋವೆಯಿಂದ ಉತ್ತರ ಕನ್ನಡದವರೆಗಿನ ಹಳೆಯ ದೇವಸ್ಥಾನಗಳ ಗೋಡೆಗಳಲ್ಲಿ ಇದನ್ನು ಕಾಣಬಹುದು. ಶಿರಸಿಯ ಮಾರಿಕಾಂಬಾ ದೇವಸ್ಥಾನದಲ್ಲಿಯೂ ಇದೆ. ಬಿಳಿಯ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಬಳಿದು, ಅದು ಪೂರ್ತಿ ಒಣಗುವ ಮೊದಲೇ ಚೂಪಾದ ಸಾಧನದಿಂದ ಕೆಂಪನ್ನು ಕೆರೆದು ತೆಗೆಯುತ್ತಾರೆ. ಕೆರೆದಲ್ಲೆಲ್ಲ ಕೆಳಗಿನ ಬಿಳುಪು ಗೆರೆಯಾಗಿ ಮೇಲೆ ಬರುತ್ತದೆ. ಅಂದರೆ ಇಲ್ಲಿ ಚಿತ್ರ ಮೂಡುವುದು ಬಣ್ಣ ಹಚ್ಚುವುದರಿಂದಲ್ಲ, ತೆಗೆಯುವುದರಿಂದ. ಟ್ಯಾಬ್ಲೆಟ್‌ನಲ್ಲಿ ನಾನೂ ಅದೇ ಕ್ರಮದಲ್ಲಿ ಕೆಲಸ ಮಾಡುತ್ತೇನೆ: ಬಿಳಿ ಪದರದ ಮೇಲೆ ಕೆಂಪು ಪದರ ಹಾಸಿ, ಇರೇಸರ್ ಒಂದರಿಂದಲೇ ಇಡೀ ಚಿತ್ರವನ್ನು ಬಿಡಿಸುತ್ತೇನೆ. ಎರಡೇ ಬಣ್ಣವಾದ್ದರಿಂದ ಗೆರೆ ದುರ್ಬಲವಾದರೆ ಅದನ್ನು ಮುಚ್ಚಲು ಬೇರೆ ಉಪಾಯವಿರುವುದಿಲ್ಲ. ಜೀರ್ಣೋದ್ಧಾರದ ಹೆಸರಿನಲ್ಲಿ ಇಂಥ ಗೋಡೆಗಳ ಮೇಲೆ ಆಯಿಲ್ ಪೇಂಟ್ ಬಳಿದುಬಿಡುವುದುಂಟು, ಅಂಥದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ಆದ್ದರಿಂದ ಆಡಳಿತದವರ ಅನುಮತಿ ಪಡೆದು ಗೋಡೆಯ ಫೋಟೋ ತೆಗೆದು, ದಿನಾಂಕ ಮತ್ತು ಊರಿನ ಹೆಸರಿನೊಡನೆ ಎಲ್ಲರೂ ಬಳಸಬಹುದಾದ ಚಿತ್ರಗಳ ಜಾಲತಾಣವಾದ ವಿಕಿಮೀಡಿಯ ಕಾಮನ್ಸ್‌ಗೆ ಸೇರಿಸುವುದನ್ನೂ ನನ್ನ ಕಲಾಕೆಲಸದ ಭಾಗವೆಂದೇ ತಿಳಿದಿದ್ದೇನೆ. ನಿಮ್ಮ ಸುತ್ತಲೂ ಹೀಗೆ ಒಂದು ಸಂಗತಿ ಇದ್ದೇ ಇರುತ್ತದೆ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಆ ಕೆಂಪು ರಾಶಿಗಳನ್ನು ನೋಡುತ್ತಾ ಬೆಳೆದವರ ಕಣ್ಣು ಬೇರೆಯವರಿಗೆ ಇರುವುದಿಲ್ಲ.

ಮುದ್ರಣದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಹೆಚ್ಚಿನವರು ಎಡವುವುದು ಇಲ್ಲಿಯೇ. ಎ3 ಕಾಗದದಲ್ಲಿ 300 ಡಿಪಿಐಗೆ (ಇಂಚಿಗೆ 300 ಚುಕ್ಕೆ) ಮುದ್ರಿಸಲು ಕಡತ 3508×4961 ಪಿಕ್ಸೆಲ್ ಇರಬೇಕು. ಇನ್‌ಸ್ಟಾಗ್ರಾಂಗೆಂದು 1080 ಪಿಕ್ಸೆಲ್ ಅಗಲದಲ್ಲಿ ಬರೆದ ಚಿತ್ರ ಅದೇ ಗುಣಮಟ್ಟದಲ್ಲಿ 3.6 ಇಂಚಿನಷ್ಟು ಮಾತ್ರ ಬರುತ್ತದೆ; ಆಮೇಲೆ ಹಿಗ್ಗಿಸಿದರೆ ಗೆರೆ ಮಸುಕಾಗುತ್ತದೆ. ಆದ್ದರಿಂದ ದೊಡ್ಡ ಅಳತೆಯಲ್ಲೇ ಚಿತ್ರವನ್ನು ಆರಂಭಿಸಿ, ಆನ್‌ಲೈನ್‌ಗೆ ಬೇಕಾದ ಚಿಕ್ಕ ಪ್ರತಿಯನ್ನು ಕೊನೆಯಲ್ಲಿ ತೆಗೆಯಿರಿ. ಬಣ್ಣದ್ದು ಇನ್ನೊಂದು ಸಮಸ್ಯೆ. ಪರದೆ ಬೆಳಕಿನಿಂದ ಬಣ್ಣ ತೋರಿಸುತ್ತದೆ, ಕಾಗದಕ್ಕೆ ಶಾಯಿಯೇ ಗತಿ; ಭತ್ತದ ಸಸಿಯ ಎಳೆಹಸಿರು, ಕಣ್ಣು ಕೋರೈಸುವ ನೀಲಿ ಮೊದಲಾದವು ಮುದ್ರಣದಲ್ಲಿ ಮಂಕಾಗುತ್ತವೆ, ಕಾವಿಯ ಕೆಮ್ಮಣ್ಣು ಬಣ್ಣ ಮಾತ್ರ ಹೆಚ್ಚು ಕೆಡದೆ ಉಳಿಯುತ್ತದೆ. ಮುಖ್ಯ ಭಾಗದ ಒಂದು ಪಟ್ಟಿಯನ್ನಷ್ಟೇ ಮೊದಲು ಪ್ರೂಫ್ (ಪರೀಕ್ಷೆಯ ಮುದ್ರಣ) ತೆಗೆಸಿ, ಅದನ್ನು ಅಂಗಡಿಯ ಟ್ಯೂಬ್‌ಲೈಟಿನಡಿ ನೋಡಿ ಒಪ್ಪಿಬಿಡದೆ ಹೊರಗೆ ಹಗಲಿನ ಬೆಳಕಿಗೆ ತಂದು ನೋಡಿ. ಸಂತೆಯಲ್ಲಿ ಜನ ನೋಡುವುದು ಆ ಬೆಳಕಿನಲ್ಲೇ. ಬಣ್ಣ ದ್ರವದಲ್ಲಿ ಕರಗಿರುವ ಸಾಮಾನ್ಯ ಡೈ ಶಾಯಿಗಿಂತ, ಬಣ್ಣ ಸಣ್ಣ ಕಣಗಳಾಗಿರುವ ಪಿಗ್ಮೆಂಟ್ ಶಾಯಿ ಬಹುಕಾಲ ಬಾಳುತ್ತದೆ, ಆಮ್ಲರಹಿತ ಹತ್ತಿಯ ಕಾಗದ ಬೇಗ ಹಳದಿಯಾಗುವುದಿಲ್ಲ. ಖರ್ಚು ಹೆಚ್ಚಾಗುವುದು ನಿಜ. ಆದ್ದರಿಂದ ಎಲ್ಲ ಚಿತ್ರಗಳನ್ನೂ ಹಾಗೆ ಮುದ್ರಿಸದೆ, ಸಹಿ ಹಾಕಿ ಮಾರುವ ಕೆಲವನ್ನು ಮಾತ್ರ ಮುದ್ರಿಸಿ, ಉಳಿದವನ್ನು ಅಂಚೆಕಾರ್ಡಿನ ಅಳತೆಯಲ್ಲಿ ಕಡಿಮೆ ಬೆಲೆಗೆ ಇಡಿ. ಎರಡೂ ಬೇರೆ ಬೇರೆ ಎಂಬುದನ್ನು ಕೊಳ್ಳುವವರಿಗೆ ತಿಳಿಸಿ.

ಬೆಂಗಳೂರೇ ಮೊದಲ ಮೆಟ್ಟಿಲಾಗಬೇಕೆಂದೇನೂ ಇಲ್ಲ. ನಿಮಗೆ ಹತ್ತಿರವಿರುವ ಧಾರವಾಡದಲ್ಲಿ ಸರ್ಕಾರಿ ಆರ್ಟ್ ಗ್ಯಾಲರಿ ಇದೆ; ಲಲಿತಕಲಾ ಅಕಾಡೆಮಿ ವಾರ್ಷಿಕ ಪ್ರದರ್ಶನಕ್ಕೆ ಕೃತಿಗಳನ್ನು ಆಹ್ವಾನಿಸುತ್ತದೆ. ವ್ಯಂಗ್ಯಚಿತ್ರದ ಒಲವಿದ್ದರೆ ಬೆಂಗಳೂರಿನ ಟ್ರಿನಿಟಿ ವೃತ್ತದ ಬಳಿಯ ಇಂಡಿಯನ್ ಕಾರ್ಟೂನ್ ಗ್ಯಾಲರಿಯನ್ನೂ ಕುಂದಾಪುರದ ಕಾರ್ಟೂನು ಹಬ್ಬವನ್ನೂ ನೋಡಿ. ಕುಂದಾಪುರದಲ್ಲೇ ಇದ್ದುಕೊಂಡು ಸತೀಶ್ ಆಚಾರ್ಯ ಅವರು ತಮ್ಮ ವ್ಯಂಗ್ಯಚಿತ್ರಗಳನ್ನು ಆನ್‌ಲೈನ್ ಮೂಲಕ ದೇಶವಿಡೀ ತಲುಪಿಸುತ್ತಿರುವುದು ಸಣ್ಣ ಊರಿನಲ್ಲಿರುವ ನಮಗೆಲ್ಲ ಧೈರ್ಯ ಕೊಡುವ ಸಂಗತಿ. ಕಾಮಿಕ್ಸ್ ಅಭಿಮಾನಿಗಳ ಮೇಳವಾದ ಬೆಂಗಳೂರು ಕಾಮಿಕ್ ಕಾನ್‌ನಲ್ಲಿ ಸ್ವತಂತ್ರ ಕಲಾವಿದರಿಗೆ ಮೇಜು ಕೊಡುವ ವ್ಯವಸ್ಥೆಯಿದೆ, ಆದರೆ ಅಲ್ಲಿ ಬರುವ ಜನ ಬೇರೆ, ಅಲ್ಲಿನ ಅಭಿರುಚಿಯೂ ಬೇರೆ.

ಆನ್‌ಲೈನ್ ಬಗ್ಗೆ ನನ್ನ ನಿಲುವು ನಿಮಗೆ ಹಿಡಿಸದೆ ಇರಬಹುದು. ಇನ್‌ಸ್ಟಾಗ್ರಾಂ ಯಾರಿಗೆ ಏನು ತೋರಿಸುತ್ತದೆಂಬುದು ನಮ್ಮ ಕೈಯಲ್ಲಿಲ್ಲ. ಅದರ ಚಪ್ಪಾಳೆಗೆಂದು ಬರೆಯಲು ಹೊರಟರೆ ಚಿತ್ರಗಳೆಲ್ಲ ಒಂದೇ ಥರ ಆಗತೊಡಗುತ್ತವೆ. ಅದನ್ನು ಊರಿಗೆ ಸುದ್ದಿ ಮುಟ್ಟಿಸುವ ಫಲಕವಾಗಿ ಬಳಸಿ, ಚಿತ್ರಗಳ ಸ್ಥಿರವಾದ ಸಂಗ್ರಹವನ್ನು ನಿಮ್ಮದೇ ಒಂದು ಸರಳ ಜಾಲತಾಣದಲ್ಲಿ ಇಡಿ: ಪ್ರತಿ ಚಿತ್ರಕ್ಕೂ ವರ್ಷ, ಅಳತೆ, ಎಷ್ಟು ಪ್ರತಿ, ಯಾವ ಮೇಳದಲ್ಲಿತ್ತು ಎಂಬ ವಿವರ ಕನ್ನಡದಲ್ಲೇ ಇರಲಿ. ಮಳಿಗೆಗೆ ಬಂದವರಿಗೆ ಆ ವಿಳಾಸವನ್ನು ಕೊಟ್ಟರೆ ಒಂದು ದಿನದ ಪರಿಚಯ ಮುಂದುವರಿಯುತ್ತದೆ. ಕನ್ನಡದ ಅಂತರ್ಜಾಲ ಪತ್ರಿಕೆಗಳಾದ ಕೆಂಡಸಂಪಿಗೆ, ಅವಧಿ ಮುಂತಾದವನ್ನು ಓದುತ್ತಿರಿ. ಕತೆ, ಕವಿತೆಗಳಿಗೆ ಚಿತ್ರ ಬರೆಯುವುದು ಒಳ್ಳೆಯ ಅಭ್ಯಾಸ. ಪ್ರಥಮ್ ಬುಕ್ಸ್ ಪ್ರಕಾಶನದ ಸ್ಟೋರಿವೀವರ್ ಜಾಲತಾಣದಲ್ಲಿ ಮಕ್ಕಳ ಕತೆಗಳು ಮುಕ್ತ ಪರವಾನಗಿಯಲ್ಲಿವೆ, ಅಂದರೆ ಯಾರು ಬೇಕಾದರೂ ಬಳಸಬಹುದು, ಯಾರು ಮರುಬಳಸಿದರೂ ಚಿತ್ರಕಾರರ ಹೆಸರು ಹಾಕಬೇಕು. ಆದರೆ ಒಮ್ಮೆ ಮುಕ್ತ ಪರವಾನಗಿಯಲ್ಲಿ ಕೊಟ್ಟದ್ದನ್ನು ಹಿಂದಕ್ಕೆ ಪಡೆಯಲಾಗದು. ಸಂಖ್ಯೆ ಹಾಕಿ ಮಾರುವ ಚಿತ್ರಗಳನ್ನು ಅಲ್ಲಿಗೆ ಸೇರಿಸಬೇಡಿ.

ಪೋಸ್ಟರಿನಲ್ಲಿ ಕನ್ನಡ ಅಕ್ಷರ ಬಳಸುವವರಾದರೆ ಒಂದು ಎಚ್ಚರಿಕೆ. ಫೋಟೋಶಾಪ್‌ನ ಹಳೆಯ ಆವೃತ್ತಿಗಳಲ್ಲಿ ಭಾರತೀಯ ಲಿಪಿಗಳಿಗೆ ಹೊಂದುವ ಕಂಪೋಸರ್ (ಅಕ್ಷರ ಜೋಡಿಸುವ ವ್ಯವಸ್ಥೆ) ಆಯ್ಕೆ ಮಾಡದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ "ಶ್ರೀ" ಕೂಡ ಒಡೆದು ಕಾಣಬಹುದು. ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶದಲ್ಲಿ ಈ ತೊಂದರೆಯಿಲ್ಲ. ಅನೇಕ್ ಕನ್ನಡ, ಬಾಲೂ ತಮ್ಮ, ನವಿಲು, ಗುಬ್ಬಿ ಮೊದಲಾದ ಫಾಂಟುಗಳು ಮುಕ್ತವಾಗಿ ದೊರೆಯುತ್ತವೆ.

ಕೊನೆಯದಾಗಿ ಹಕ್ಕಿನ ಮಾತು. ಮೇಳಗಳಲ್ಲಿ ಹೆಸರು ಪರಿಚಯವಾದಂತೆ ಸಂಘ-ಸಂಸ್ಥೆಗಳು, ಉತ್ಸವ ಸಮಿತಿಗಳು ಚಿತ್ರ ಬರೆದುಕೊಡಲು ಕೇಳುತ್ತವೆ. ನಿಮ್ಮ ಮನಸ್ಸಿನಿಂದ ನೀವೇ ಬರೆದ ಚಿತ್ರದ ಹಕ್ಕು, 1957ರ ಕೃತಿಸ್ವಾಮ್ಯ ಕಾಯಿದೆಯಂತೆ, ನೋಂದಣಿ ಇಲ್ಲದಿದ್ದರೂ ನಿಮ್ಮದೇ. ಆದರೆ ಅದೇ ಕಾಯಿದೆಯ 17ನೇ ಕಲಮಿನ ಪ್ರಕಾರ, ಹಣ ಪಡೆದು ಇನ್ನೊಬ್ಬರ ಕೋರಿಕೆಯ ಮೇರೆಗೆ ಬರೆದ ವರ್ಣಚಿತ್ರ ಅಥವಾ ಭಾವಚಿತ್ರದ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, ಬರೆಸಿದವರಿಗೆ ಸೇರುತ್ತದೆ. ಕೃತಿಯ ಕರ್ತೃ ನೀವೆಂದು ಹೇಳಿಕೊಳ್ಳುವ ಹಕ್ಕು ಮಾತ್ರ 57ನೇ ಕಲಮಿನಡಿ ಆಗಲೂ ಉಳಿಯುತ್ತದೆ. ನನ್ನ ಚಿತ್ರವೊಂದನ್ನು ಕಾರ್ಯಕ್ರಮವೊಂದರ ಸಂಘಟಕರು ಹೇಳದೆ ಕೇಳದೆ ಅಂಗಿಗಳ ಮೇಲೆ ಮುದ್ರಿಸಿ ಹಂಚಿದರು. ಆ ಕೆಲಸ ಬಾಯಿಮಾತಿನ ಮೇಲೆ ನಡೆದಿದ್ದರಿಂದ ತೋರಿಸಲು ನನ್ನಲ್ಲಿ ಒಂದು ಚೀಟಿಯೂ ಇರಲಿಲ್ಲ. ಅಂದಿನಿಂದ ಯಾರೇ ಕೇಳಿದರೂ ಚಿತ್ರವನ್ನು ಎಲ್ಲಿ, ಎಷ್ಟು ಕಾಲ, ಯಾವ ಅಳತೆಯಲ್ಲಿ ಬಳಸಬಹುದು, ಹಕ್ಕು ಯಾರದು, ಹೆಸರು ಎಲ್ಲಿ ಬರಬೇಕು ಎಂಬುದನ್ನು ಒಂದು ಪುಟದಲ್ಲಿ ಕನ್ನಡದಲ್ಲಿ ಬರೆದು ಇಬ್ಬರೂ ಸಹಿ ಮಾಡಿದ ಮೇಲೆಯೇ ಕೆಲಸ ಆರಂಭಿಸುತ್ತೇನೆ. ಪೂರ್ಣ ಅಳತೆಯ ಕಡತವನ್ನು ಹಣ ಸಂದಾಯವಾದ ಮೇಲಷ್ಟೇ ಕಳುಹಿಸುತ್ತೇನೆ.